ದಾಲ್ಚಿನ್ನಿ-ಸಕ್ಕರೆ ಚೀಸ್‌ಕೇಕ್, ಒಂದು ಟ್ರೇಗೆ 24 ತುಂಡು: ಪದೇ ಪದೇ ಕೇಳುವ ಪ್ರಶ್ನೆಗಳು

ಚೀಸ್‌ಕೇಕ್ ಅಂದ್ರ ಪಿಜ್ಜಾ ಮ್ಯಾಲಿನ ಚೀಸ್ ಹಾಕೋದೇನ್ರಿ?

ಅಲ್ಲ. ಇದಕ್ಕೆ ಬೇಕಾದದ್ದು ಕ್ರೀಮ್ ಚೀಸ್: ಮೆತ್ತಗೆ, ಬೆಳ್ಳಗೆ, ತುಸು ಹುಳಿ ಇರುವಂಥದ್ದು. ಶ್ರೀಖಂಡದ ಚಕ್ಕಾ (ಅರಿವೆಯಲ್ಲಿ ಕಟ್ಟಿ ನೀರು ಇಳಿಸಿದ ಮೊಸರು) ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಎರಡೂ ಅಣ್ಣತಮ್ಮಂದಿರು. ಹೋಳಿಗೆಯ ಭಾಷೆಯಲ್ಲಿ ಹೇಳುವುದಾದರೆ ಕೆಳಗೆ ಕಣಕದ ಒಂದು ಹಾಳೆ, ನಡುವೆ ಹೂರಣ, ಮೇಲೆ ಕಣಕದ ಇನ್ನೊಂದು ಹಾಳೆ, ಅದರ ಮೇಲೆ ಬೆಣ್ಣೆ, ಸಕ್ಕರೆ, ದಾಲ್ಚಿನ್ನಿ. ಹಂಚಿನ ಬದಲು ಓವನ್. ತಣ್ಣಗಾದ ಮೇಲೆ ಬರ್ಫಿಯಂತೆ ಕತ್ತರಿಸಿ ಕೊಡುವುದು.

ಅಮೆರಿಕದಲ್ಲಿ ಇದನ್ನು ಸೋಪಪಿಯಾ ಚೀಸ್‌ಕೇಕ್ ಎನ್ನುತ್ತಾರೆ. ಸೋಪಪಿಯಾ ಎಂದರೆ ನ್ಯೂ ಮೆಕ್ಸಿಕೋ ಕಡೆಯ, ಪೂರಿಯಂತೆ ಉಬ್ಬುವ ಕರಿದ ತಿನಿಸು. ಜೇನು ಹಾಕಿಕೊಂಡು ತಿನ್ನುತ್ತಾರೆ. ಅಲ್ಲಿನವರು ಡಬ್ಬಿಯಲ್ಲಿ ಸಿಗುವ ಕ್ರೆಸೆಂಟ್ ರೋಲ್ ಹಿಟ್ಟನ್ನು ಬಿಚ್ಚಿ ಟ್ರೇಗೆ ಹಾಸಿಬಿಡುತ್ತಾರೆ, ಅದಕ್ಕೇ ಅವರಿಗೆ ಇದು ಹತ್ತು ನಿಮಿಷದ ಕೆಲಸ. ಆ ಡಬ್ಬಿ ನಂಬಿಕೊಂಡು ನಮ್ಮಲ್ಲಿ ಅಡುಗೆ ಹೂಡುವ ಹಾಗಿಲ್ಲ. ಕಣಕ ಮನೆಯಲ್ಲೇ ಕಲಸಿದರೆ ಇನ್ನೊಂದು ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ, ಅಷ್ಟೇ.

ಒಂದು ಟ್ರೇಕ್ಕ ಏನೇನು, ಎಷ್ಟೆಷ್ಟು?

ಟ್ರೇ 9×13 ಇಂಚು, ಅಂದರೆ 23×33 ಸೆಂ.ಮೀ., 2 ಇಂಚು ಆಳ, ಅಲ್ಯುಮಿನಿಯಂದು. ಉದ್ದಕ್ಕೆ 6, ಅಗಲಕ್ಕೆ 4 ಕತ್ತರಿಸಿದರೆ 24 ತುಂಡು.

ಕಣಕಕ್ಕೆ: ಮೈದಾ 350 ಗ್ರಾಂ, ತಣ್ಣನೆಯ ಬೆಣ್ಣೆ 100 ಗ್ರಾಂ, ಪುಡಿ ಸಕ್ಕರೆ 25 ಗ್ರಾಂ, ಬೇಕಿಂಗ್ ಪೌಡರ್ 2 ಸಣ್ಣ ಚಮಚ, ಉಪ್ಪು ಅರ್ಧ ಸಣ್ಣ ಚಮಚ (ಬೆಣ್ಣೆ ಉಪ್ಪಿನದಾದರೆ ಒಂದು ಚಿಟಿಕೆ), ತಣ್ಣನೆಯ ಹಾಲು 120ರಿಂದ 130 ಮಿ.ಲೀ.

ಹೂರಣಕ್ಕೆ: ಚಕ್ಕಾ 400 ಗ್ರಾಂ, ಪನೀರ್ 150 ಗ್ರಾಂ, ಫ್ರೆಶ್ ಕ್ರೀಮ್ 75 ಗ್ರಾಂ, ಕಂಡೆನ್ಸ್ಡ್ ಮಿಲ್ಕ್ 200 ಗ್ರಾಂ, ಪುಡಿ ಸಕ್ಕರೆ 50 ಗ್ರಾಂ, ಕಾರ್ನ್‌ಫ್ಲೋರ್ 2 ದೊಡ್ಡ ಚಮಚ, ವೆನಿಲಾ 1 ಸಣ್ಣ ಚಮಚ.

ಮೇಲಕ್ಕೆ: ಕರಗಿಸಿದ ಬೆಣ್ಣೆ 80 ಗ್ರಾಂ, ಹರಳು ಸಕ್ಕರೆ 80 ಗ್ರಾಂ, ದಾಲ್ಚಿನ್ನಿ ಪುಡಿ 2 ಸಣ್ಣ ಚಮಚ.

ಕ್ರೀಮ್ ಚೀಸ್ ಬಳಸುವವರು ಹೂರಣದ ಪಟ್ಟಿಯನ್ನು ಪೂರ್ತಿ ಬಿಟ್ಟು 450 ಗ್ರಾಂ ಕ್ರೀಮ್ ಚೀಸ್, 150 ಗ್ರಾಂ ಪುಡಿ ಸಕ್ಕರೆ, 1 ದೊಡ್ಡ ಚಮಚ ಕಾರ್ನ್‌ಫ್ಲೋರ್, ವೆನಿಲಾ ತೆಗೆದುಕೊಳ್ಳಲಿ. ತಕ್ಕಡಿ ಇದ್ದರೆ ತೂಗಿಯೇ ಹಾಕಿ. ಬಟ್ಟಲಿನಲ್ಲಿ ಮೈದಾ ಒತ್ತಿ ತುಂಬಿದರೆ ಒಂದು ಲೆಕ್ಕ, ಉದುರಿಸಿ ತುಂಬಿದರೆ ಇನ್ನೊಂದು ಲೆಕ್ಕ.

ಕ್ರೀಮ್ ಚೀಸ್ ಛಲೋನೋ, ಮನಿ ಚಕ್ಕಾ ಛಲೋನೋ?

ಮೊದಲ ಸಲ ಮಾಡುವವರಿಗೆ ಕ್ರೀಮ್ ಚೀಸ್ ಸುಲಭ. ಅಮೆರಿಕದ ನಿಯಮದ ಪ್ರಕಾರ ಅದರಲ್ಲಿ ಕನಿಷ್ಠ 33% ಹಾಲಿನ ಜಿಡ್ಡು ಇರಬೇಕು, ನೀರಿನ ಅಂಶ 55% ಮೀರಬಾರದು. ಹಾಗಾಗಿ ಕಾಸಿದರೂ ಒಡೆಯುವುದು ಕಡಿಮೆ. ಆದರೆ ನಾಲ್ಕು ಟ್ರೇಗೆ ಸುಮಾರು 2 ಕಿಲೋ ಬೇಕಾಗುತ್ತದೆ, ಖರ್ಚು ಏರುತ್ತದೆ. ಸಣ್ಣ ಊರಲ್ಲಿ ಅಷ್ಟು ಒಟ್ಟಿಗೆ ಸಿಗುವುದೂ ಕಷ್ಟ.

ನಮ್ಮ ಕಡೆ ಎಮ್ಮೆ ಹಾಲಿನ ಗಟ್ಟಿ ಮೊಸರು ಇದ್ದೇ ಇದೆ. ಅದರ ಚಕ್ಕಾಕ್ಕೆ ಒಳ್ಳೆಯ ಹುಳಿ ಇದೆ, ಜಿಡ್ಡು ಮಾತ್ರ ಕ್ರೀಮ್ ಚೀಸಿನಷ್ಟು ಇಲ್ಲ. ಪನೀರ್ ಮತ್ತು ಕ್ರೀಮ್ ಸೇರಿಸುವುದು ಆ ಕೊರತೆ ತುಂಬಲಿಕ್ಕೆ. ಬರೀ ಚಕ್ಕಾದಿಂದ ಮಾಡಿದರೆ ಕಾದ ಮೊಸರಿನ ಪ್ರೋಟೀನ್ ಬಿಗಿದುಕೊಂಡು ತನ್ನೊಳಗಿನ ನೀರನ್ನು ಹಿಂಡಿ ಹೊರಹಾಕುತ್ತದೆ, ಹೂರಣ ರವೆರವೆಯಾಗುತ್ತದೆ. ಕಾರ್ನ್‌ಫ್ಲೋರ್ ಆ ನೀರನ್ನು ಹಿಡಿದಿಡುತ್ತದೆ; ಅದನ್ನು ಬಿಡಬೇಡಿ. ಈ ಸಿಹಿಯಲ್ಲಿ ಕೆಡುವುದೆಲ್ಲ ಹೆಚ್ಚುಕಡಿಮೆ ನೀರಿನಿಂದಲೇ ಕೆಡುತ್ತದೆ.

ಅಂದ ಹಾಗೆ ಚಕ್ಕಾ ಬೇರೆ, ಚಕ್ಕೆ ಬೇರೆ. ಮೈಸೂರು ಕಡೆಯವರು ದಾಲ್ಚಿನ್ನಿಗೆ ಚಕ್ಕೆ ಎನ್ನುತ್ತಾರೆ. ಫೋನಿನಲ್ಲಿ ಸಾಮಾನು ಬರೆಸುವಾಗ ‘400 ಗ್ರಾಂ ಚಕ್ಕೆ’ ಎಂದು ಬರೆಸಿದರೆ ಕಿರಾಣಿಯವನು ಅದನ್ನೇ ಕೊಡುತ್ತಾನೆ.

ಚಕ್ಕಾ ಕಟ್ಟೋದು ಹೆಂಗ? ನೀರು ಪೂರ್ತಿ ಹೋಗೇತಿ ಅಂತ ತಿಳಿಯೋದು ಹೆಂಗ?

1 ಲೀಟರ್ ಗಟ್ಟಿ ಮೊಸರಿಗೆ ಸುಮಾರು 400 ಗ್ರಾಂ ಚಕ್ಕಾ. ಮೊಸರು ಹೆಪ್ಪಾದ ದಿನದ್ದೇ ಇರಲಿ, ಎರಡು ದಿನದ ಹುಳಿ ಮೊಸರು ಬೇಡ. ತೊಳೆದು ಒಣಗಿಸಿದ ತೆಳು ಅರಿವೆಯನ್ನು ಎರಡು ಮಡಿಕೆ ಮಾಡಿ ಮೊಸರು ಸುರಿದು ಗಂಟು ಕಟ್ಟಿ. ಮೊದಲ ಒಂದು ತಾಸು ನಳದ ಮೇಲೆ ತೂಗುಬಿಡಿ. ಆಮೇಲೆ ಜರಡಿಯಲ್ಲಿ ಗಂಟು ಇಟ್ಟು, ಕೆಳಗೆ ಪಾತ್ರೆ ಕೊಟ್ಟು, ಮೇಲೆ ತಾಟು ಮುಚ್ಚಿ ಅರ್ಧ ಕಿಲೋ ಭಾರ ಹೇರಿ, 10ರಿಂದ 12 ತಾಸು ಫ್ರಿಜ್‌ನಲ್ಲಿಡಿ. ಏಪ್ರಿಲ್-ಮೇ ಬಿಸಿಲಲ್ಲಿ ರಾತ್ರಿಯಿಡೀ ಹೊರಗೆ ತೂಗುಬಿಟ್ಟರೆ ನೀರು ಹೋಗುತ್ತದೆ, ಅದರ ಜೊತೆಗೆ ಹುಳಿಯೂ ಏರುತ್ತದೆ.

ಪರೀಕ್ಷೆ ಹೀಗೆ. ನಿಂಬೆಹಣ್ಣಿನಷ್ಟು ಚಕ್ಕಾ ತೆಗೆದು ಕಾಗದದ ಕರವಸ್ತ್ರದ ಮೇಲಿಟ್ಟು 5 ನಿಮಿಷ ಬಿಡಿ. ಮುದ್ದೆಯ ಸುತ್ತ ಒಂದು ಬೆರಳಿನಷ್ಟು ಅಗಲ ಒದ್ದೆ ಹರಡಿದರೆ ಇನ್ನೂ ನೀರಿದೆ, ಮತ್ತೆ ಕಟ್ಟಿ. ಮುದ್ದೆ ಕೂತಲ್ಲಿ ಮಾತ್ರ ಒದ್ದೆಯಾಗಿ ಅಂಚು ಒಣಗಿದ್ದರೆ ಸರಿ. ಚಮಚ ನೆಟ್ಟರೆ ಬೀಳದೆ ನಿಲ್ಲಬೇಕು.

ಇಳಿದ ನೀರನ್ನು ಚೆಲ್ಲಬೇಡಿ. ಚಪಾತಿ ಹಿಟ್ಟು ನಾದಲಿಕ್ಕೆ, ಮಜ್ಜಿಗೆ ಸಾರಿಗೆ ಬರುತ್ತದೆ.

ತತ್ತಿ ಹಾಕಲೇಬೇಕೇನು?

ಬೇಡ. ಮೇಲಿನ ಅಳತೆ ತತ್ತಿ ಇಲ್ಲದ್ದೇ. ಮಂದಿ ಕರೆದು ಉಣಿಸುವಾಗ ಯಾರಿಗೆ ಸೋಮವಾರ, ಯಾರಿಗೆ ಶ್ರಾವಣ ಎಂದು ಕೇಳುತ್ತ ಕೂರುವುದಕ್ಕಿಂತ ಇದೇ ಒಳ್ಳೆಯದು. ಕ್ರೀಮ್ ಚೀಸ್ ತರುವವರು ಹಸಿರು ಚುಕ್ಕೆ ನೋಡಿಯೇ ತನ್ನಿ, ಹಾಲು ಒಡೆಸಲು ಕೆಲವೆಡೆ ಪ್ರಾಣಿಮೂಲದ ರೆನೆಟ್ ಬಳಸುವುದುಂಟು. ತತ್ತಿ ತಿನ್ನುವವರೇ ಇದ್ದರೆ ಕಾರ್ನ್‌ಫ್ಲೋರ್ ಅರ್ಧ ಮಾಡಿ ಒಂದು ತತ್ತಿ ಸೇರಿಸಬಹುದು, ಹೂರಣ ಇನ್ನಷ್ಟು ನುಣುಪಾಗುತ್ತದೆ.

ಬೇಕರಿಯಿಂದ ಪಫ್ ಶೀಟ್ ತಂದ್ರ ನಡೀತದೇನು?

ನಡೆಯುತ್ತದೆ, ಆದರೆ ತಣ್ಣಗೆ ತಿನ್ನುವ ಸಿಹಿಗೆ ಅದು ಅಷ್ಟು ಒಪ್ಪುವುದಿಲ್ಲ. ಬೇಕರಿಗಳು ಪಫ್‌ಗೆ ಹೆಚ್ಚಾಗಿ ಮಾರ್ಗರೀನ್ ಹಾಕುತ್ತವೆ. ಅದು ಬಾಯಿಯ ಶಾಖಕ್ಕೆ ಪೂರ್ತಿ ಕರಗುವುದಿಲ್ಲ. ಬಿಸಿ ಆಲೂ ಪಫ್‌ನಲ್ಲಿ ಗೊತ್ತಾಗದು, ಫ್ರಿಜ್‌ನಿಂದ ತೆಗೆದ ತುಂಡಿನಲ್ಲಿ ಮೇಣ ಸವರಿದಂತೆ ಅಂಗುಳಕ್ಕೆ ಹತ್ತುತ್ತದೆ. ಬೆಣ್ಣೆಯ ಪಫ್ ಶೀಟ್ ಸಿಕ್ಕರೆ ಮಾತ್ರ ತನ್ನಿ, 3 ಮಿ.ಮೀ. ದಪ್ಪಕ್ಕೆ ಲಟ್ಟಿಸಿ.

ಮನೆಯ ಕಣಕ ಕಲಸುವಾಗ ಹೋಳಿಗೆ ಕಣಕದ ಅಭ್ಯಾಸ ಮರೆಯಬೇಕು. ಅದನ್ನು ಎಣ್ಣೆ ಹಾಕಿ ನಾದಿ ನಾದಿ ರಬ್ಬರಿನಂತೆ ಎಳೆಯುವ ಹಾಗೆ ಮಾಡುತ್ತೇವೆ. ಇಲ್ಲಿ ನಾದಿದಷ್ಟೂ ಕೆಡುತ್ತದೆ: ಲಟ್ಟಿಸಿ ಹಾಸಿದ ಹಾಳೆ ಓವನ್‌ನಲ್ಲಿ ಕುಗ್ಗಿ ಟ್ರೇಯ ಅಂಚು ಬಿಡುತ್ತದೆ, ಬೆಂದ ಮೇಲೆ ಬಿರುಸಾಗುತ್ತದೆ. ಮೈದಾ, ಸಕ್ಕರೆ, ಬೇಕಿಂಗ್ ಪೌಡರ್, ಉಪ್ಪು ಜರಡಿ ಹಿಡಿದು, ತಣ್ಣನೆಯ ಬೆಣ್ಣೆ ಚೂರು ಹಾಕಿ ಬೆರಳ ತುದಿಯಲ್ಲಿ ಉಜ್ಜಿ. ದಪ್ಪ ರವೆಯಂತಾದಾಗ ಹಾಲು ಚಿಮುಕಿಸಿ, ಒಟ್ಟುಗೂಡಿತು ಅಂದರೆ ಕೈ ತೆಗೆಯಿರಿ. ಎರಡು ಭಾಗ ಮಾಡಿ, ಚಪ್ಪಟೆ ಮಾಡಿ, ಮುಚ್ಚಿ ಅರ್ಧ ತಾಸು ಫ್ರಿಜ್‌ನಲ್ಲಿಡಿ.

ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ಮಜ್ಜಿಗೆ ಉಳಿದಿರುತ್ತದೆ. ತಣ್ಣೀರಲ್ಲಿ ಎರಡು-ಮೂರು ಸಲ ತೊಳೆದು ಹಿಂಡಿ ಗಟ್ಟಿ ಮಾಡಿಕೊಂಡ ಮೇಲೆಯೇ ತೂಗಿ.

ಮಾಡೋ ಕ್ರಮ ಒಮ್ಮೆ ಪೂರ್ತಿ ಹೇಳ್ರಿ.

ಓವನ್ 180 ಡಿಗ್ರಿ ಸೆಲ್ಸಿಯಸ್‌ಗೆ 15 ನಿಮಿಷ ಕಾಯಲಿ, ಮೇಲಿನ-ಕೆಳಗಿನ ಎರಡೂ ಕಾಯಿಲ್ ಹಚ್ಚಿ. ಫ್ಯಾನ್ ಇರುವ ಕನ್ವೆಕ್ಷನ್ ಆದರೆ 165 ಸಾಕು. ಟ್ರೇಗೆ ಬಟರ್ ಪೇಪರ್ ಹಾಕಿ, ಎರಡು ಬದಿ ಹೊರಗೆ ಚಾಚಿರಲಿ. ಕೊನೆಗೆ ಅದನ್ನು ಹಿಡಿದೇ ಪೂರ್ತಿ ಗಡ್ಡೆಯನ್ನು ಎತ್ತುವುದು.

ಕಣಕದ ಒಂದು ಭಾಗವನ್ನು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ 3ರಿಂದ 4 ಮಿ.ಮೀ. ದಪ್ಪಕ್ಕೆ ಲಟ್ಟಿಸಿ, ಲಟ್ಟಣಿಗೆಗೆ ಸುತ್ತಿ ತಂದು ಟ್ರೇನಲ್ಲಿ ಬಿಚ್ಚಿ. ಫೋರ್ಕ್‌ನಿಂದ ಚುಚ್ಚಿ. ಹೂರಣ ಹಾಕದೆ 10ರಿಂದ 12 ನಿಮಿಷ ಬೇಯಿಸಿ ಹೊರತೆಗೆದು ಆರಲು ಬಿಡಿ. ಮೂಲ ಪದ್ಧತಿಯಲ್ಲಿ ಇದಿಲ್ಲ. ಚಕ್ಕಾದ ಹೂರಣಕ್ಕೆ ಬೇಕೇ ಬೇಕು.

ಅಷ್ಟರಲ್ಲಿ ಪನೀರ್, ಕ್ರೀಮ್ ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ. ಎರಡು ಬೆರಳಲ್ಲಿ ತಿಕ್ಕಿದಾಗ ಕಾಳು ಸಿಗಬಾರದು. ಚಕ್ಕಾವನ್ನು ಮಾತ್ರ ಮಿಕ್ಸಿಗೆ ಹಾಕಬೇಡಿ, ನೀರಾಗಿಬಿಡುತ್ತದೆ. ಶ್ರೀಖಂಡಕ್ಕೆ ಮಾಡುವಂತೆ ಜರಡಿಯಲ್ಲಿ ತಿಕ್ಕಿ ಇಳಿಸಿ. ಕಾರ್ನ್‌ಫ್ಲೋರನ್ನು ಕಂಡೆನ್ಸ್ಡ್ ಮಿಲ್ಕ್‌ನಲ್ಲಿ ಗಂಟಿಲ್ಲದಂತೆ ಕಲೆಸಿ, ಎಲ್ಲ ಸೇರಿಸಿ. ಪುಡಿ ಸಕ್ಕರೆ ಕೊನೆಗೆ. ಸಕ್ಕರೆ ಬಿದ್ದ ಕೂಡಲೇ ಚಕ್ಕಾ ಸಡಿಲಾಗುತ್ತದೆ, ಆಮೇಲೆ ತಡಮಾಡದೆ ಟ್ರೇಗೆ ಹರಡಬೇಕು.

ಮೇಲೆ ಎರಡನೆಯ ಹಾಳೆ ಹಾಸಿ ಅಂಚು ಒತ್ತಿ. ಚಾಕುವಿನಿಂದ ಎಂಟು-ಹತ್ತು ಸಣ್ಣ ಸೀಳು ಕೊಡಿ, ಉಗಿ ಹೋಗಲಿಕ್ಕೆ. ಬೆಣ್ಣೆ ಸವರಿ, ದಾಲ್ಚಿನ್ನಿ-ಸಕ್ಕರೆ ಉದುರಿಸಿ, ನಡುವಿನ ಕಟ್ಟೆಯಲ್ಲಿಟ್ಟು 35ರಿಂದ 40 ನಿಮಿಷ ಬೇಯಿಸಿ. ಹೊರಗೆ ಒಂದೂವರೆ ತಾಸು ಆರಿಸಿ, ಆಮೇಲೆ ಫ್ರಿಜ್‌ನಲ್ಲಿ ಕನಿಷ್ಠ 4 ತಾಸು. ರಾತ್ರಿಯಿಡೀ ಇಟ್ಟರೆ ಕತ್ತರಿಸಲು ಚೊಕ್ಕ.

ಮ್ಯಾಲೆ ಹಾಳಿ ಮುಚ್ಚಿರತದ. ಒಳಗ ಬೆಂದದ್ದು ತಿಳಿಯೋದು ಹೆಂಗ?

ಅಂಚಿನ ಕಣಕ ಬಾದಾಮಿ ಬಣ್ಣಕ್ಕೆ ತಿರುಗಿರಬೇಕು, ಸೀಳುಗಳಲ್ಲಿ ಹೂರಣ ಸಣ್ಣಗೆ ಕುದ್ದ ಗುರುತು ಕಾಣಬೇಕು. ಟ್ರೇ ಅಲುಗಿಸಿದರೆ ನಡುವೆ ತುಸು ನಡುಗಬಹುದು, ಅಲೆ ಏಳಬಾರದು. ಅಡುಗೆಯ ಥರ್ಮಾಮೀಟರ್ ಇದ್ದವರು ಸೀಳಿನಲ್ಲಿ ಚುಚ್ಚಿ: ತತ್ತಿ ಇಲ್ಲದ ಹೂರಣಕ್ಕೆ 85 ಡಿಗ್ರಿ ಮುಟ್ಟಿದರೆ ಕಾರ್ನ್‌ಫ್ಲೋರ್ ಬೆಂದಿದೆ ಎಂದರ್ಥ. ಬೇಯದಿದ್ದರೆ ನಾಲಿಗೆಗೆ ಹಿಟ್ಟುಹಿಟ್ಟು ಹತ್ತುತ್ತದೆ. ಬಿಸಿಯಿದ್ದಾಗ ಹೂರಣ ಮೆತ್ತಗೇ ಇರುತ್ತದೆ, ಗಾಬರಿಯಾಗಿ ಇನ್ನೊಂದು ಇಪ್ಪತ್ತು ನಿಮಿಷ ಇಡಬೇಡಿ.

ತಳ ಹಸಿ ಹಿಟ್ಟಿನಂಗ ಉಳೀತು, ಯಾಕ?

ತಳವನ್ನು ಮೊದಲೇ ಬೇಯಿಸಿಲ್ಲ, ಇಲ್ಲವೇ ಚಕ್ಕಾದಲ್ಲಿ ನೀರಿತ್ತು. ಮೂರನೆಯ ಕಾರಣ ಗಾಜಿನ ಟ್ರೇ: ಅದು ನಿಧಾನ ಕಾಯುತ್ತದೆ, ಅಲ್ಯುಮಿನಿಯಂ ಬೇಗ. ಹೂರಣ ಹರಡಿ ಒಂದು ತಾಸು ಬಿಟ್ಟು ಓವನ್‌ಗೆ ಇಟ್ಟಿದ್ದರೂ ಹೀಗೇ ಆಗುತ್ತದೆ.

ಮ್ಯಾಲಿನ ಬೆಣ್ಣಿ ಎಲ್ಲಾ ನಡುವ ಕೆರಿಯಂಗ ನಿಂತತಿ.

ಮೇಲಿನ ಹಾಳೆ ಸಮನಾಗಿ ಕೂತಿಲ್ಲ, ಅಥವಾ ಬೆಣ್ಣೆ ಹೆಚ್ಚಾಗಿದೆ. ಅಮೆರಿಕದ ಅಳತೆಯಲ್ಲಿ 113 ಗ್ರಾಂವರೆಗೆ ಹಾಕುವುದುಂಟು. ಅದು ಮಿತಿಮೀರಿದ್ದು, 80 ಗ್ರಾಂ ಧಾರಾಳ. ಸುರಿಯಬೇಡಿ, ಕುಂಚದಿಂದ ಅಥವಾ ಚಮಚದ ಬೆನ್ನಿಂದ ಸವರಿ.

ಮಳೆಗಾಲದಲ್ಲಿ ಬೆಣ್ಣೆಯ ಬದಲು 65 ಗ್ರಾಂ ತುಪ್ಪ ಹಾಕಿ ನೋಡಿ. ಬೆಣ್ಣೆಯಲ್ಲಿ ನೂರಕ್ಕೆ ಹದಿನಾರರಷ್ಟು ನೀರೇ ಇರುತ್ತದೆ, ತುಪ್ಪದಲ್ಲಿ ಇಲ್ಲ. ಜುಲೈ ತಿಂಗಳ ಧಾರವಾಡದ ಜಿಟಿಜಿಟಿ ಹವೆಯಲ್ಲಿ ಸಕ್ಕರೆ ಗಾಳಿಯ ತೇವ ಹೀರಿ ಅಂಟಂಟಾಗುತ್ತದೆ. ತುಪ್ಪ ಸವರಿದ ಪದರ ಹೆಚ್ಚು ಹೊತ್ತು ಕರುಂ ಎನ್ನುತ್ತದೆ. ಬಿಸಿ ಇರುವಾಗ ಮುಚ್ಚಿದರೂ ಉಗಿ ಹನಿಯಾಗಿ ಸಕ್ಕರೆಯ ಮೇಲೆ ಬೀಳುತ್ತದೆ.

ಸಕ್ಕರಿ ಕರ್ರಗಾಗಿ ಕಹಿ ಬಂತು.

ಸಣ್ಣ ಓವನ್‌ಗಳಲ್ಲಿ ಮೇಲಿನ ಕಾಯಿಲ್ ಟ್ರೇಗೆ ತೀರ ಹತ್ತಿರ. 25 ನಿಮಿಷ ಆದಾಗ ಒಂದು ಸಲ ಬಾಗಿಲಿನ ಗಾಜಿನಿಂದ ನೋಡಿ, ಬಣ್ಣ ಬಂದಿದ್ದರೆ ಫಾಯಿಲ್ ಸಡಿಲವಾಗಿ ಮುಚ್ಚಿ. ಗುಂಡಿಯ ಮೇಲೆ 180 ಎಂದಿದ್ದರೂ ಒಳಗೆ 200 ಇರಬಹುದು, ಒಳಗಿಡುವ ಸಣ್ಣ ಓವನ್ ಥರ್ಮಾಮೀಟರ್ ಒಂದಿದ್ದರೆ ಈ ಜಗಳವೇ ಇಲ್ಲ.

ದಾಲ್ಚಿನ್ನಿ ಯಾವುದು ತರಬೇಕು?

ಕಿರಾಣಿಯಲ್ಲಿ ಸಿಗುವ ದಪ್ಪ, ಒರಟು, ಮರದ ಸಿಪ್ಪೆಯಂಥದ್ದು ಹೆಚ್ಚಾಗಿ ಕ್ಯಾಸಿಯಾ. ತೆಳು ಪದರಗಳು ಸಿಗಾರಿನಂತೆ ಸುತ್ತಿಕೊಂಡು ಬೆರಳಲ್ಲೇ ಪುಡಿಯಾಗುವಂಥದ್ದು ಸಿಲೋನ್ ದಾಲ್ಚಿನ್ನಿ. ಅದರ ಘಮ ನಯ. ಈ ಸಿಹಿಗೆ ಕ್ಯಾಸಿಯಾ ಸಾಕು, ಖಾರ ಘಾಟು ಇರುವುದರಿಂದ ಸಕ್ಕರೆಯ ನಡುವೆ ಮುಳುಗುವುದಿಲ್ಲ. ಹಂಚಿನಲ್ಲಿ ಅರ್ಧ ನಿಮಿಷ ಬೆಚ್ಚಗೆ ಮಾಡಿ, ಎರಡು ಚಮಚ ಸಕ್ಕರೆಯೊಂದಿಗೆ ಮಿಕ್ಸಿಗೆ ಹಾಕಿ. ಬರೀ ಎರಡು ತುಂಡು ಹಾಕಿದರೆ ಬ್ಲೇಡಿಗೆ ಸಿಗುವುದಿಲ್ಲ. ಸಣ್ಣ ಜರಡಿ ಹಿಡಿಯಲೇಬೇಕು, ಇಲ್ಲದಿದ್ದರೆ ಹಲ್ಲಿಗೆ ಮರಳು ಸಿಕ್ಕಂತಾಗುತ್ತದೆ. ಸಾವಜಿ ಮಸಾಲೆ ಅರೆದ ಜಾರನ್ನು ತೊಳೆದರೂ ವಾಸನೆ ಬಿಡದು, ಬೇರೆ ಜಾರು ತೆಗೆದುಕೊಳ್ಳಿ.

ಸಕ್ಕರಿ ಬದಲು ಬೆಲ್ಲ?

ಮೇಲಿನ ಪದರಕ್ಕೆ ಬೇಡ, ಕರಗಿ ಹರಿಯುತ್ತದೆ, ಗರಿಗರಿ ಬರುವುದಿಲ್ಲ. ಬಡಿಸುವಾಗ ಜೇನಿನ ಬದಲು ಜೋನಿ ಬೆಲ್ಲದ ಒಂದೆಳೆ ಬಿಟ್ಟರೆ ಮಾತ್ರ ಬಹಳ ಚೆನ್ನ.

ನಮ್ಮ ಓವನ್ ಸಣ್ಣದು. ಓವನ್ನೇ ಇಲ್ಲದವರು ಏನು ಮಾಡಬೇಕು?

ಟೇಪು ಹಿಡಿದು ಒಳಗಿನ ಅಗಲ ಅಳೆಯಿರಿ. ಟ್ರೇ ಸುತ್ತ 3 ಸೆಂ.ಮೀ. ಗಾಳಿ ಆಡಬೇಕು. 9×13 ಹಿಡಿಯದಿದ್ದರೆ 8 ಇಂಚಿನ ಎರಡು ಚೌಕ ಟ್ರೇ, ಅಳತೆ ಹೆಚ್ಚುಕಡಿಮೆ ಸಮ. ಒಂದೊಂದಾಗಿ ಬೇಯಿಸುವುದಾದರೆ ಎರಡನೆಯದಕ್ಕೆ ಹೂರಣ ಹಾಕಿ ಕಾಯಿಸಬೇಡಿ. ತಳ ಬೇರೆ, ಹೂರಣ ಬೇರೆ ಇರಲಿ. 30ರಿಂದ 35 ನಿಮಿಷಕ್ಕೆ ಆಗುತ್ತದೆ.

ಕುಕ್ಕರ್‌ನಲ್ಲಿ ಉಪ್ಪು ಹಾಕಿ ಬೇಯಿಸುವ ವಿದ್ಯೆ ಇದಕ್ಕೆ ಬೇಡ. ಕೆಳಗಿನ ಬೆಂಕಿಯಿಂದ ತಳ ಸೀಯುತ್ತದೆ, ಮೇಲಿನ ಹಾಳೆ ಬೆಳ್ಳಗೆ ಉಗಿಯಲ್ಲಿ ಬೆಂದ ಕಡುಬಿನಂತಾಗುತ್ತದೆ.

ಪರಿಚಯದ ಬೇಕರಿಯಲ್ಲಿ ಹಿಂದಿನ ದಿನವೇ ಮಾತಾಡಿಕೊಳ್ಳುವುದು ಇದಕ್ಕಿಂತ ಮೇಲು. ಬ್ರೆಡ್ ಬೇಯುವ ಕಾವು ಇದಕ್ಕೆ ಜಾಸ್ತಿ. ಬ್ರೆಡ್ ತೆಗೆದು ಕಾವು ಇಳಿದ ಹೊತ್ತು ಕೇಳಿ. ಕಟ್ಟಿಗೆ ಭಟ್ಟಿಯಾದರೆ ನೆಲದ ಕಾವು ಜೋರು, ಒಂದು ಖಾಲಿ ಟ್ರೇ ಬೋರಲು ಹಾಕಿ ಅದರ ಮೇಲೆ ನಿಮ್ಮದನ್ನು ಇಡಿಸಿ. ಬೇಯಿಸಿದ ತಳ, ಡಬ್ಬಿಯಲ್ಲಿ ಹೂರಣ, ಬಟರ್ ಪೇಪರ್ ನಡುವೆ ಮೇಲಿನ ಹಾಳೆ ಒಯ್ದು ಅಲ್ಲಿಯೇ ಜೋಡಿಸಿ.

ನಡುವ ಕರೆಂಟ್ ಹೋದ್ರ?

ಬಾಗಿಲು ತೆಗೆಯಬೇಡಿ. 25 ನಿಮಿಷ ದಾಟಿದ್ದರೆ ಒಳಗಿನ ಕಾವಿಗೇ ಮುಕ್ಕಾಲು ಕೆಲಸ ಆಗಿರುತ್ತದೆ. ಕರೆಂಟ್ ಬಂದ ಮೇಲೆ ಉಳಿದ ಹೊತ್ತಿಗೆ ಐದು ನಿಮಿಷ ಸೇರಿಸಿ. ಮೊದಲ ಹತ್ತು ನಿಮಿಷದಲ್ಲೇ ಹೋಗಿ ಅರ್ಧ ತಾಸು ಬರದಿದ್ದರೆ ತೆಗೆದು ಫ್ರಿಜ್‌ಗೆ ಇಡಿ, ತಳ ಸ್ವಲ್ಪ ಮೆತ್ತಗಾಗುತ್ತದೆಂದು ಒಪ್ಪಿಕೊಳ್ಳಿ. ಓವನ್ 1,500 ವ್ಯಾಟ್ ಮೇಲೆ ಎಳೆಯುತ್ತದೆ, ಮನೆಯ ಇನ್ವರ್ಟರ್‌ಗೆ ಹಚ್ಚುವ ಸಾಹಸ ಬೇಡ.

ನೂರು ಮಂದಿಗೆ ಮಾಡಬೇಕು.

ನಾಲ್ಕು ಟ್ರೇಗೆ 96 ತುಂಡು. ಊಟದ ಕೊನೆಗೆ ಕೊಡುವುದಾದರೆ ಒಂದೊಂದು ಟ್ರೇ 5×7 ಕತ್ತರಿಸಿ 35 ತುಂಡು ಮಾಡಿ, ಮೂರರಲ್ಲಿ ಮುಗಿಯುತ್ತದೆ. ರೊಟ್ಟಿ, ಎಣ್ಣೆಗಾಯಿ, ಅನ್ನ ಉಂಡವರಿಗೆ ದೊಡ್ಡ ತುಂಡು ಇಳಿಯುವುದಿಲ್ಲ. ಸಂಜೆ ಗಿರ್ಮಿಟ್, ಮಿರ್ಚಿ ಜೊತೆಗಾದರೆ 24ರ ಲೆಕ್ಕವೇ ಇರಲಿ. ಮಿರ್ಚಿ ಖಾರದ ಮೇಲೆ ತಣ್ಣನೆಯ ತುಂಡು ಎರಡೆರಡು ಹೋಗುತ್ತದೆ.

ಒಂದೇ ಟ್ರೇಯಲ್ಲಿ ದಪ್ಪ ಹೆಚ್ಚಿಸಿ ಎರಡರ ಕೆಲಸ ತೆಗೆಯಲು ಹೋಗಬೇಡಿ, ನಡು ಬೇಯುವುದಿಲ್ಲ. 4 ಲೀಟರ್ ಮೊಸರನ್ನು ಒಂದೇ ಗಂಟು ಕಟ್ಟಿದರೆ ಗಂಟಿನ ನಡುವಿನ ನೀರು ಬೆಳಗಾದರೂ ಇಳಿಯದು, ಲೀಟರಿಗೊಂದು ಗಂಟು. ಭಾನುವಾರದ ಕಾರ್ಯಕ್ಕೆ ಶುಕ್ರವಾರ ರಾತ್ರಿ ಮೊಸರು ಕಟ್ಟಿ, ಶನಿವಾರ ಬೆಳಿಗ್ಗೆ ಕಣಕ, ಮಧ್ಯಾಹ್ನ ಓವನ್, ರಾತ್ರಿ ಫ್ರಿಜ್. ನಾಲ್ಕು ಟ್ರೇಗೆ ಫ್ರಿಜ್‌ನಲ್ಲಿ ಎರಡು ಪೂರ್ತಿ ಕಟ್ಟೆ ಖಾಲಿ ಬೇಕು, ಪಕ್ಕದ ಮನೆಯವರಿಗೆ ಮುಂಚೆಯೇ ಹೇಳಿಡಿ.

ಒಯ್ಯೋದು, ಕೊಯ್ಯೋದು?

ಕತ್ತರಿಸದೆ ಟ್ರೇ ಸಮೇತ ಒಯ್ಯಿರಿ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿ.ಮೀ., ಚಿಗರಿ ಬಸ್ಸಿನಲ್ಲಿ ತೊಡೆಯ ಮೇಲೆ ಮಟ್ಟಸವಾಗಿ ಇಟ್ಟುಕೊಂಡರೆ ಏನೂ ಆಗದು. ಗದಗ, ಹಾವೇರಿಗೆ ಬೇಸಿಗೆಯಲ್ಲಿ ಹೊರಟರೆ ಐಸ್ ಪೆಟ್ಟಿಗೆ ಬೇಕು. ಹಾಲಿನ ಹೂರಣವಾದ್ದರಿಂದ ಹೊರಗೆ ಎರಡು ತಾಸು ಮೀರಬಾರದು, 32 ಡಿಗ್ರಿ ದಾಟಿದ ದಿನ ಒಂದೇ ತಾಸು.

ಕೊಯ್ಯುವಾಗ ಬಟರ್ ಪೇಪರ್ ಹಿಡಿದು ಹಲಗೆಯ ಮೇಲೆ ಎತ್ತಿ. ಉದ್ದ ಚಾಕುವನ್ನು ಬಿಸಿನೀರಲ್ಲಿ ಅದ್ದಿ, ಒರೆಸಿ, ಮೇಲಿಂದ ನೇರ ಒತ್ತಿ; ಗರಗಸದಂತೆ ಎಳೆದರೆ ಮೇಲಿನ ಹಾಳೆ ಜಾರಿ ಹೂರಣ ಬದಿಗೆ ಬರುತ್ತದೆ. ಪ್ರತಿ ಗೆರೆಗೂ ಒರೆಸಬೇಕು.

ಹೂರಣದಾಗ ಧಾರವಾಡ ಪೇಡಾ ಹಾಕಿದ್ರ?

ಬಹಳ ಜನ ಕೇಳುತ್ತಾರೆ. ಪೇಡಾ ಆಗಲೇ ಕೆಂಪಗೆ ಹುರಿದ ಖೋವಾ. ಹೂರಣದಲ್ಲಿ ಬೆಂದರೆ ಚೂರುಗಳು ಅಂಟಾಗುತ್ತವೆ, ಸಿಹಿ ಏರುತ್ತದೆ. ಹಾಕಲೇಬೇಕೆಂದರೆ ಹೂರಣದ 50 ಗ್ರಾಂ ಸಕ್ಕರೆ ಬಿಟ್ಟು, ಬಡಿಸುವ ಮುನ್ನ ನಾಲ್ಕೈದು ಪೇಡಾ ಪುಡಿಮಾಡಿ ಮೇಲೆ ಉದುರಿಸಿ. ನಮ್ಮನ್ನು ಕೇಳಿದರೆ ಪೇಡಾವನ್ನು ಪೇಡಾ ಆಗಿಯೇ ತಿನ್ನುವುದು ವಾಸಿ.

ಉಳಿದದ್ದು ಎಷ್ಟು ದಿನ ಇರತದ?

ಫ್ರಿಜ್‌ನಲ್ಲಿ ಮುಚ್ಚಿಟ್ಟರೆ ಮೂರು ದಿನ, ಆದರೆ ಮೇಲಿನ ಗರಿಗರಿ ಮೊದಲ ದಿನಕ್ಕೇ. ಫ್ರೀಜರ್‌ಗೆ ಚಕ್ಕಾದ್ದು ಬೇಡ, ಕರಗುವಾಗ ನೀರು ಬಿಡುತ್ತದೆ. ಕ್ರೀಮ್ ಚೀಸಿನದನ್ನು ತುಂಡು ತುಂಡಾಗಿ ಸುತ್ತಿ ಒಂದು ತಿಂಗಳು ಇಡಬಹುದು. ತಿನ್ನುವ ಹಿಂದಿನ ರಾತ್ರಿ ಕೆಳಗಿನ ಫ್ರಿಜ್‌ಗೆ ಇಳಿಸಿ.